ಚಿನ್ನದ ಎಳೆಯ ಮೇಲೆ ಕಟ್ಟಿದ ಊರು

ಊರು ಹುಟ್ಟುವುದಕ್ಕೆ ಏನಾದರೊಂದು ಕಾರಣವಿರಬೇಕು. ನದಿಯ ತಡಿ, ಕೆರೆಯ ಏರಿ, ಕೋಟೆಗೆ ಅನುಕೂಲವಾದ ಬೆಟ್ಟ, ಪ್ರಸಿದ್ಧವಾದ ದೇವಾಲಯ, ಎರಡು ದಾರಿಗಳು ಕೂಡುವ ಸಂತೆಮಾಳ - ನಮ್ಮ ನಾಡಿನ ಊರುಗಳಲ್ಲಿ ಬಹುಪಾಲು ಇವುಗಳಲ್ಲಿ ಯಾವುದಾದರೊಂದನ್ನು ಆಶ್ರಯಿಸಿ ಬೆಳೆದವು. ರಾಜಧಾನಿಗಳೂ ಈ ನಿಯಮಕ್ಕೆ ಹೊರತಲ್ಲ. ಕೆಂಪೇಗೌಡರು ಬೆಂಗಳೂರನ್ನು ಕಟ್ಟಿಸಿದಾಗ ಕೋಟೆಯೊಡನೆ ಪೇಟೆಯನ್ನೂ ಪೇಟೆಯೊಡನೆ ಕೆರೆಗಳನ್ನೂ ಕಟ್ಟಿಸಬೇಕಾಯಿತು. ನೀರು ಮತ್ತು ವ್ಯಾಪಾರ ಇವೆರಡಿಲ್ಲದೆ ಊರು ನಿಲ್ಲಲಾರದೆಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು.

ಆದರೆ ಈ ಯಾವ ಅನುಕೂಲವೂ ಇಲ್ಲದ ಒಂದು ಕಲ್ಲುಬಯಲಿನಲ್ಲಿ, ಒಬ್ಬ ಮನುಷ್ಯನ ಆಯುಷ್ಯಕ್ಕಿಂತಲೂ ಕಡಿಮೆ ಕಾಲದಲ್ಲಿ, ದೊಡ್ಡದೊಂದು ನಗರವು ತಲೆಯೆತ್ತಿ ನಿಂತ ಉದಾಹರಣೆ ನಮ್ಮಲ್ಲಿಯೇ ಇದೆ. ಅದು ಕೋಲಾರದ ಚಿನ್ನದ ಗಣಿಗಳ ಊರು. ಜನರ ಬಾಯಲ್ಲಿ ಕೆ.ಜಿ.ಎಫ್. 1891ರ ಜನಗಣತಿಯಲ್ಲಿ ಅಲ್ಲಿದ್ದವರು 7,085 ಮಂದಿ. ಹತ್ತೇ ವರ್ಷಗಳ ಅನಂತರ, 1901ರಲ್ಲಿ, ಆ ಸಂಖ್ಯೆ 38,204ಕ್ಕೆ ಏರಿತು. ಬೆಂಗಳೂರು, ಮೈಸೂರುಗಳನ್ನು ಬಿಟ್ಟರೆ ಅಂದಿನ ಮೈಸೂರು ಸಂಸ್ಥಾನದಲ್ಲಿ ಇಷ್ಟು ಜನರಿದ್ದ ಊರು ಮತ್ತೊಂದಿರಲಿಲ್ಲ. ಈ ಊರು ಹೇಗೆ ಹುಟ್ಟಿತು, ಯಾವುದರ ಬಲದಿಂದ ಬೆಳೆಯಿತು, ಅದರ ಬೆಳವಣಿಗೆಯಿಂದ ರಾಜಧಾನಿಗೆ ಬೆಳಕು ಬಂದುದು ಹೇಗೆ ಎಂಬುದನ್ನು ನಾವು ಇಲ್ಲಿ ವಿಚಾರಮಾಡೋಣ.

ಬಂಡೆಯೊಳಗಿನ ಎಳೆ

ಮೊದಲು ಕಲ್ಲಿನ ಕಥೆ. ಮೈಸೂರು ಪ್ರಸ್ಥಭೂಮಿಯ ಹೆಚ್ಚಿನ ಭಾಗ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದಾದುದು. ಇವುಗಳ ನಡುವೆ ಅಲ್ಲಲ್ಲಿ, ಬಿಳಿಯ ಬಟ್ಟೆಗೆ ಕಪ್ಪು ಅಂಚು ಹೊಲಿದಂತೆ, ಉದ್ದನೆಯ ಕಪ್ಪುಶಿಲೆಯ ಪಟ್ಟಿಗಳು ಹಾದುಹೋಗುತ್ತವೆ. ಕೋಲಾರದ ಪಟ್ಟಿ ಇಂಥವುಗಳಲ್ಲಿ ಒಂದು. ದಕ್ಷಿಣೋತ್ತರವಾಗಿ ಅದರ ಉದ್ದ ಸುಮಾರು 80 ಕಿಲೋಮೀಟರು. ಅಗಲ ಮಾತ್ರ ಕೆಲವೇ ಕಿಲೋಮೀಟರು. ಇದರ ವಯಸ್ಸು ಸುಮಾರು 270 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ನಿರ್ಧರಿಸಿದ್ದಾರೆ. ಆಗ ಭೂಮಿಯ ಮೇಲೆ ಮರಗಿಡಗಳಾಗಲಿ ಪ್ರಾಣಿಗಳಾಗಲಿ ಇರಲಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಷ್ಟೇ ಇದ್ದವು.

ಈ ಕಪ್ಪುಶಿಲೆ ಮೂಲತಃ ಜಲದಡಿಯಲ್ಲಿ ಉಕ್ಕಿ ಹರಿದ ಲಾವಾರಸ. ಮುಂದೆ ಅದು ಭೂಗರ್ಭದ ಒತ್ತಡಕ್ಕೂ ಕಾವಿಗೂ ಸಿಕ್ಕಿ, ಮಡಿಸಿ, ಮುದುಡಿ, ಪದರುಪದರಾದ ಗಟ್ಟಿಶಿಲೆಯಾಗಿ ಮಾರ್ಪಟ್ಟಿತು. ಮಡಿಸುವಾಗ ಉಂಟಾದ ಬಿರುಕುಗಳಲ್ಲಿ ಆಳದಿಂದ ಕುದಿನೀರು ಮೇಲಕ್ಕೆ ನುಗ್ಗಿತು. ಆ ನೀರಿನಲ್ಲಿ ಸಿಲಿಕವೂ ಅತ್ಯಲ್ಪ ಪ್ರಮಾಣದಲ್ಲಿ ಚಿನ್ನವೂ ಕರಗಿದ್ದವು. ಮೇಲೇರಿದಂತೆ ನೀರು ಆರಿತು, ಒತ್ತಡ ಇಳಿಯಿತು. ಕರಗಿದ್ದುದು ಬಿರುಕಿನಲ್ಲಿಯೇ ಗಟ್ಟಿಯಾಗಿ ನಿಂತಿತು. ಹೀಗೆ ಬೆಣಚುಕಲ್ಲಿನ ಎಳೆಗಳೂ ಅವುಗಳೊಳಗೆ ಚಿನ್ನದ ಕಣಗಳೂ ಉಂಟಾದವು.

ಕೋಲಾರದ ಎಳೆಗಳಲ್ಲಿ ಅತ್ಯಂತ ಶ್ರೀಮಂತವಾದುದು ಚಾಂಪಿಯನ್ ಎಂಬ ಹೆಸರಿನದು. ಅದರ ದಪ್ಪ ಸರಾಸರಿ ಮೂರು ನಾಲ್ಕು ಅಡಿ ಮಾತ್ರ. ಪಡುವಣಕ್ಕೆ ಕಡಿದಾಗಿ ಓರೆಯಾಗಿ ಭೂಮಿಯೊಳಗೆ ಇಳಿಯುವ ಒಂದು ಬಿಳಿಯ ಹಲಗೆಯಂತೆ ಅದನ್ನು ಊಹಿಸಿಕೊಳ್ಳಬಹುದು. ಈ ಹಲಗೆಯ ಮೇಲಂಚು ನೆಲವನ್ನು ಮುಟ್ಟುವ ಗೆರೆಯುದ್ದಕ್ಕೂ ಸುಮಾರು ಎಂಟು ಕಿಲೋಮೀಟರಿನಷ್ಟು ದೂರದಲ್ಲಿ ಮಾತ್ರ ಲಾಭದಾಯಕವಾದ ಗಣಿಗಾರಿಕೆ ನಡೆಯಿತು. ಉತ್ತರದಿಂದ ದಕ್ಷಿಣಕ್ಕೆ ಬಾಲಘಾಟ್, ನಂದಿದುರ್ಗ, ಉರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂಬ ಐದು ಗಣಿಗಳು ಮಣಿಸರದಂತೆ ಸಾಲಾಗಿ ನಿಂತವು. ಊರೂ ಅದೇ ಸಾಲಿನಲ್ಲಿ ಬೆಳೆಯಿತು. ಕೆ.ಜಿ.ಎಫ್. ಏಕೆ ಅಷ್ಟು ಉದ್ದ, ಏಕೆ ಅಷ್ಟು ಕಿರಿದು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಅದರ ನಕ್ಷೆಯನ್ನು ಬರೆದವನು ಯಾವ ಶಿಲ್ಪಿಯೂ ಅಲ್ಲ. ನೆಲದಡಿಯ ಎಳೆಯೇ ತನ್ನ ನೆರಳನ್ನು ನೆಲದ ಮೇಲೆ ಚೆಲ್ಲಿತು.

ಹಳೆಯ ಗುಂಡಿಗಳು, ಹೊಸ ಆಸೆಗಳು

ಇಲ್ಲಿ ಚಿನ್ನವಿದೆಯೆಂಬುದನ್ನು ಆಂಗ್ಲರು ಕಂಡುಹಿಡಿದರೆಂದು ಹೇಳುವುದು ರೂಢಿಯಾಗಿದೆ. ಇದು ಪೂರ್ತಿ ನಿಜವಲ್ಲ. ಗಣಿಗಳನ್ನು ತೋಡಿದಾಗ, ಹೊಸ ಕೆಲಸಗಾರರು ಮತ್ತೆ ಮತ್ತೆ ಹಳೆಯ ಕೆಲಸಗಾರರ ಸುರಂಗಗಳಿಗೆ ಹೋಗಿ ಸೇರುತ್ತಿದ್ದರು. ಅವುಗಳಲ್ಲಿ ದೊರೆತ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಅವು ಸಾವಿರ ವರ್ಷಗಳಿಗೂ ಹಿಂದಿನವೆಂದು ತಿಳಿಯಿತು. ಸಿಡಿಮದ್ದು ಇಲ್ಲದ ಆ ಕಾಲದಲ್ಲಿ ಬಂಡೆಯ ಮೇಲೆ ಬೆಂಕಿ ಉರಿಸಿ, ಕಾದ ಕಲ್ಲಿಗೆ ನೀರು ಸುರಿದು, ಅದು ಬಿರಿದ ಮೇಲೆ ಉಳಿಯಿಂದ ಒಡೆದು ತೆಗೆಯುತ್ತಿದ್ದರು. ಕಲ್ಲನ್ನು ಪುಡಿಮಾಡಿ, ನೀರಿನಲ್ಲಿ ಜಾಲಿಸಿ, ಹಗುರವಾದ ಮರಳನ್ನು ಹರಿಯಗೊಟ್ಟು, ತಳದಲ್ಲಿ ನಿಂತ ಚಿನ್ನವನ್ನು ಆಯ್ದುಕೊಳ್ಳುತ್ತಿದ್ದರು. ಅವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ಅವರು ತೋಡಿದ ಗುಂಡಿಗಳೇ ಅವರ ಶಾಸನ.

1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ ಮೈಸೂರು ಸಂಸ್ಥಾನದ ಗಡಿಗಳನ್ನು ಅಳೆಯುವ ಕೆಲಸ ನಡೆಯಿತು. ಮೂಡಣ ಗಡಿಯ ಮೋಜಣಿಗೆಂದು ಬಂದಿದ್ದ ಜಾನ್ ವಾರನ್ ಎಂಬ ಲೆಫ್ಟಿನೆಂಟನ ಕಿವಿಗೆ, ಈ ಭಾಗದ ಮಣ್ಣಿನಲ್ಲಿ ಚಿನ್ನವಿದೆಯೆಂಬ ಜನರ ಮಾತು 1802ರಲ್ಲಿ ಬಿದ್ದಿತು. ಚಿನ್ನವನ್ನು ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಅವನು ಸಾರಿಸಿದನು. ಉರಿಗಾಂ ಹಳ್ಳಿಯ ಜನರು ಗಾಡಿಗಳಲ್ಲಿ ಮಣ್ಣನ್ನು ಹೇರಿಕೊಂಡು ಬಂದು, ಅವನ ಎದುರಿಗೇ ತೊಳೆದು, ಅಡಿಯಲ್ಲಿ ನಿಂತ ಹೊಳೆಯುವ ಪುಡಿಯನ್ನು ತೋರಿಸಿದರು. ಮಾರಿಕುಪ್ಪದ ಬಳಿ ಜನರು ಗುಂಡಿಗಳಿಗೆ ಇಳಿದು ಕಲ್ಲನ್ನು ತೆಗೆಯುತ್ತಿದ್ದುದನ್ನೂ ಅವನು ಕಂಡನು. ವಾರನ್ನನ ವರದಿಯು ಪ್ರಕಟವಾಯಿತಾದರೂ, ಅನಂತರದ ಅನೇಕ ದಶಕಗಳ ಕಾಲ ಅದರಿಂದ ದೊಡ್ಡ ಉದ್ಯಮವೇನೂ ಹುಟ್ಟಲಿಲ್ಲ.

ಆ ಹಳೆಯ ಬರಹವನ್ನು ಓದಿ ಹೊಸ ಆಸೆ ತಾಳಿದವನು ಮೈಕೇಲ್ ಫಿಟ್ಸ್‌ಜೆರಾಲ್ಡ್ ಲ್ಯಾವೆಲ್ ಎಂಬ ಐರಿಷ್ ಸೈನಿಕ. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದ ಈತ ಬೆಂಗಳೂರಿನ ದಂಡುಪ್ರದೇಶದಲ್ಲಿ ನೆಲೆಸಿದ್ದನು. ನ್ಯೂಜಿಲೆಂಡಿನಲ್ಲಿ ಆಗ ಚಿನ್ನದ ಅನ್ವೇಷಣೆಯ ಭರಾಟೆ ಜೋರಾಗಿತ್ತು. 1871ರಲ್ಲಿ ಲ್ಯಾವೆಲ್ ಎತ್ತಿನಗಾಡಿ ಹೂಡಿಸಿಕೊಂಡು ಅರುವತ್ತು ಮೈಲಿಗಳ ಪ್ರಯಾಣಮಾಡಿ ಈ ಬಯಲಿಗೆ ಬಂದನು. ಎರಡು ವರ್ಷ ಹುಡುಕಿದ ಮೇಲೆ 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಇಪ್ಪತ್ತು ವರ್ಷಗಳ ಪರವಾನಗಿಯನ್ನು ಪಡೆದನು. ಉರಿಗಾಮಿನ ಬಳಿ ಬಾವಿಯನ್ನೂ ತೋಡಿಸಿದನು. ಆದರೆ ಬಂಡೆಯನ್ನು ಕೊರೆಯುವ ಕೆಲಸ ಒಬ್ಬನ ಕೈಚೀಲಕ್ಕೆ ನಿಲುಕುವಂಥದಲ್ಲ. ಕೈಯಲ್ಲಿದ್ದ ಹಣವೆಲ್ಲ ಕರಗಿ, 1877ರಲ್ಲಿ ಅವನು ತನ್ನ ಹಕ್ಕನ್ನು ಬೆರೆಸ್‌ಫರ್ಡ್ ಮೊದಲಾದ ಸೇನಾಧಿಕಾರಿಗಳಿಗೆ ಬಿಟ್ಟುಕೊಟ್ಟನು. ಊರಿಗೆ ಬೀಜ ಬಿತ್ತಿದವನಿಗೆ ಬೆಳೆ ದಕ್ಕಲಿಲ್ಲ. ಬೆಂಗಳೂರಿನ ಲ್ಯಾವೆಲ್ ರಸ್ತೆ ಇಂದಿಗೂ ಅವನ ಹೆಸರನ್ನು ಉಳಿಸಿಕೊಂಡಿದೆ.

ಸೋಲಿನ ಅಂಚಿನಲ್ಲಿ

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿತಜ್ಞರ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. ಮೈಸೂರು ಗಣಿ ಕಂಪನಿ ಸ್ಥಾಪನೆಯಾಯಿತು. ಆ ಹೊತ್ತಿನಲ್ಲಿ ದಕ್ಷಿಣ ಭಾರತದ ಚಿನ್ನವೆಂದರೆ ಲಂಡನ್ನಿನ ಬಂಡವಾಳಗಾರರಿಗೆ ಹುಚ್ಚು ಹಿಡಿದಂತಾಗಿತ್ತು. ವೈನಾಡಿನಲ್ಲಿ ಕಂಪನಿಗಳ ಮೇಲೆ ಕಂಪನಿಗಳು ಎದ್ದು, ಕೆಲವೇ ವರ್ಷಗಳಲ್ಲಿ ಹಣವನ್ನೆಲ್ಲ ನುಂಗಿ ಮುಳುಗಿಹೋದವು. ಕೋಲಾರದಲ್ಲಿಯೂ ಹಾಗೆಯೇ ಆಗುವಂತೆ ತೋರಿತು. ತೋಡಿದ ಬಾವಿಗಳಲ್ಲಿ ಸಾಕಷ್ಟು ಚಿನ್ನ ಸಿಕ್ಕಲಿಲ್ಲ. ಬಂಡವಾಳ ಬರಿದಾಗುತ್ತ ಬಂದಿತು. ಕೆಲಸವನ್ನು ನಿಲ್ಲಿಸಿ ಉಳಿದ ಹಣವನ್ನು ಹಂಚಿಕೊಳ್ಳೋಣವೆಂಬ ಮಾತು ಎದ್ದಿತು.

ಟೇಲರ್ ಸಂಸ್ಥೆಯವರು ಇನ್ನೊಂದು ಪ್ರಯತ್ನಕ್ಕೆ ಪಾಲುದಾರರನ್ನು ಒಪ್ಪಿಸಿದರು. ಗಣಿಯ ಮೇಲ್ವಿಚಾರಕನಾದ ಪ್ಲಮರ್ ಎಂಬವನು ಮಾಡಿದ ಉಪಾಯ ಸರಳವಾದುದು. ಹಿಂದಿನವರು ಎಲ್ಲಿ ತೋಡಿದ್ದರೋ ಅಲ್ಲಿಯೇ, ಅವರ ಗುಂಡಿಗಳ ಕೆಳಕ್ಕೆ, ಅವನು ತೋಡಿಸಿದನು. ಪೂರ್ವಿಕರು ನಿಲ್ಲಿಸಿದ್ದುದು ಚಿನ್ನ ಮುಗಿದುದರಿಂದಲ್ಲ. ನೀರು, ಗಾಳಿ, ಬೆಳಕುಗಳ ತೊಂದರೆಯಿಂದ ಅವರು ಅದಕ್ಕೂ ಕೆಳಗೆ ಇಳಿಯಲಾರದೆ ಹೋಗಿದ್ದರು. 1880ರ ದಶಕದ ನಡುವೆ, ಹಳೆಯ ಗುಂಡಿಗಳ ಅಡಿಯಲ್ಲಿ, ಚಾಂಪಿಯನ್ ಎಳೆಯು ತನ್ನ ಪೂರ್ಣ ಸಂಪತ್ತಿನೊಡನೆ ಕಾಣಿಸಿಕೊಂಡಿತು. ಹೆಸರಿಲ್ಲದ ಆ ಹಳೆಯ ಕೆಲಸಗಾರರು ತೋರಿಸಿದ ಗುರುತನ್ನು ನಂಬದಿದ್ದರೆ ಕೋಲಾರವೂ ವೈನಾಡಿನ ಪಟ್ಟಿಗೆ ಸೇರಿಹೋಗುತ್ತಿತ್ತು.

ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿನಿಂದ 40 ಗ್ರಾಂಗೂ ಹೆಚ್ಚು ಚಿನ್ನ ಬರುತ್ತಿತ್ತು. ಅಂದರೆ ಸುಮಾರು ಮೂರೂವರೆ ತೊಲ. ಕೇಳುವುದಕ್ಕೆ ಇದು ಅಲ್ಪವೆನ್ನಿಸಿದರೂ ಚಿನ್ನದ ಗಣಿಗಳ ಲೆಕ್ಕದಲ್ಲಿ ಬಹಳ ಶ್ರೀಮಂತವಾದ ಅದಿರು. ಇಪ್ಪತ್ತೈದು ಸಾವಿರ ಭಾಗ ಕಲ್ಲಿನಲ್ಲಿ ಅಡಗಿದ ಒಂದು ಭಾಗ ಚಿನ್ನವನ್ನು ಬೇರ್ಪಡಿಸುವುದು ಹೇಗೆ? ಮೊದಲು ಅದಿರನ್ನು ಭಾರವಾದ ಉಕ್ಕಿನ ಒನಕೆಗಳ ಗಿರಣಿಯಲ್ಲಿ ಕುಟ್ಟಿ ಹಿಟ್ಟುಮಾಡಿ, ನೀರಿನೊಡನೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯಬಿಡುತ್ತಿದ್ದರು. ಪಾದರಸವು ಚಿನ್ನವನ್ನು ಹಿಡಿದುಕೊಳ್ಳುತ್ತದೆ. ಆ ಮಿಶ್ರಣವನ್ನು ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಹೀಗೆ ಮಾಡಿದರೂ ಬಹು ಸೂಕ್ಷ್ಮವಾದ ಕಣಗಳು ಮರಳಿನೊಡನೆ ಹೋಗಿಬಿಡುತ್ತಿದ್ದವು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಹೊಸ ವಿಧಾನವೊಂದು ಸಿದ್ಧವಾಯಿತು. ಸೈನೈಡಿನ ತೆಳುವಾದ ದ್ರಾವಣದಲ್ಲಿ, ಗಾಳಿಯ ಆಮ್ಲಜನಕದ ನೆರವಿನಿಂದ, ಚಿನ್ನವು ಕರಗುತ್ತದೆ. ಅನಂತರ ಸತುವನ್ನು ಹಾಕಿದರೆ ಚಿನ್ನ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಈ ವಿಧಾನ ಕೋಲಾರಕ್ಕೆ ಬಂದ ಮೇಲೆ, ಹಿಂದೆ ಎಸೆದಿದ್ದ ಮರಳಿಗೂ ಬೆಲೆ ಬಂದಿತು. ಕೆ.ಜಿ.ಎಫ್.ನಲ್ಲಿ ಇಂದಿಗೂ ಬೆಟ್ಟಗಳಂತೆ ನಿಂತಿರುವ ಬೂದುಬಣ್ಣದ 'ಸೈನೈಡ್ ದಿಬ್ಬ'ಗಳು ಈ ಕ್ರಿಯೆ ಮುಗಿದ ಮೇಲೆ ಉಳಿದ ಹಿಟ್ಟು.

ಬಂಗಾರಪೇಟೆಯಲ್ಲಿ ಬಂಗಾರವೆಲ್ಲಿ?

ಗಣಿಗಳು ಕೋಲಾರದ ಹೆಸರನ್ನು ಹೊತ್ತಿದ್ದರೂ ಕೋಲಾರ ಪಟ್ಟಣದಿಂದ ಅವು ಸುಮಾರು 30 ಕಿಲೋಮೀಟರು ದೂರದಲ್ಲಿವೆ. ಅವುಗಳ ನಿಜವಾದ ಹೆಬ್ಬಾಗಿಲು ಬಂಗಾರಪೇಟೆ. ಚಿನ್ನದ ಗಣಿಗೆ ಹೋಗುವ ದಾರಿಯಲ್ಲಿರುವ ಊರಿಗೆ ಬಂಗಾರಪೇಟೆ ಎಂಬ ಹೆಸರು ಬಂದುದರಲ್ಲಿ ಆಶ್ಚರ್ಯವೇನೆಂದು ವಾಚಕರು ಕೇಳಬಹುದು. ವಾಸ್ತವದಲ್ಲಿ ಆ ಹೆಸರಿಗೂ ಬಂಗಾರಕ್ಕೂ ಮೊದಲಿಗೆ ಯಾವ ಸಂಬಂಧವೂ ಇರಲಿಲ್ಲ.

ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮದರಾಸು ರೈಲ್ವೆಯವರ ದಾರಿ 1864ರಲ್ಲಿ ತೆರೆಯಿತು. ಆಗ ಮೈಸೂರಿನ ಕಮಿಷನರಾಗಿದ್ದವನು ಲೆವಿನ್ ಬೆಂಥಮ್ ಬೌರಿಂಗ್. ರೈಲುದಾರಿಯ ಬದಿಯಲ್ಲಿ ಬೆಳೆದ ಹೊಸ ಪೇಟೆಗೆ ಅವನ ಹೆಸರಿನಿಂದ ಬೌರಿಂಗ್‌ಪೇಟೆ ಎಂದು ಕರೆದರು. ಲ್ಯಾವೆಲ್ ತನ್ನ ಗಾಡಿ ಹೂಡಿಸುವುದಕ್ಕೆ ಏಳು ವರ್ಷಗಳಿಗೆ ಮೊದಲೇ ಈ ದಾರಿ ತೆರೆದಿದ್ದಿತು. ಬೌರಿಂಗ್ ಎಂಬ ಪರಕೀಯ ಶಬ್ದಕ್ಕೆ ಕನ್ನಡದ ನಾಲಗೆ ಬಂಗಾರದ ಮೆರುಗು ಕೊಟ್ಟಿತು. ಹತ್ತಿರದ ಗಣಿಗಳು ಆ ತಿದ್ದುಪಡಿಗೆ ಅರ್ಥವನ್ನು ಒದಗಿಸಿದವು.

ಹೆಸರು ಹೇಗೇ ಬಂದಿರಲಿ, ಬಂಗಾರಪೇಟೆಯಿಲ್ಲದೆ ಕೆ.ಜಿ.ಎಫ್. ಇಲ್ಲ. ಬಾಯ್ಲರು, ಒನಕೆಗಿರಣಿ, ಉಕ್ಕಿನ ಹಗ್ಗ, ಸಿಡಿಮದ್ದು, ಬಾವಿಗಳಿಗೆ ಆಸರೆಯಾದ ಮರದ ದಿಮ್ಮಿ, ಅಕ್ಕಿ, ಬೇಳೆ - ಎಲ್ಲವೂ ಮದರಾಸಿನ ಬಂದರಿನಿಂದಲೋ ಬೆಂಗಳೂರಿನಿಂದಲೋ ರೈಲಿನಲ್ಲಿ ಇಲ್ಲಿಗೆ ಬಂದು ಇಳಿಯಬೇಕಾಗಿತ್ತು. ಮೊದಲ ವರ್ಷಗಳಲ್ಲಿ ಮುಂದಿನ ದಾರಿಯನ್ನು ಎತ್ತಿನಗಾಡಿಗಳೇ ಸವೆಸಿದವು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಹತ್ತು ಮೈಲಿಗಳ ಕವಲುದಾರಿ ಸಿದ್ಧವಾಯಿತು. ಆ ದಾರಿಯ ನಿಲ್ದಾಣಗಳನ್ನು ಗಮನಿಸಿ: ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ರೈಲು ಕೂಡ ಚಿನ್ನದ ಎಳೆಯ ಪಕ್ಕದಲ್ಲಿಯೇ ಓಡುತ್ತದೆ. 1913ರಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ಕಿರಿದಾದ ಹಳಿಯ ದಾರಿಯೂ ತೆರೆದು, ರೇಷ್ಮೆ, ತರಕಾರಿ ಬೆಳೆಯುವ ಹಳ್ಳಿಗಳು ಗಣಿಯ ಮಾರುಕಟ್ಟೆಗೆ ಸಮೀಪವಾದವು.

ನೀರು, ಮನೆ, ಮಂದಿ

ಬಂಡೆಯ ಮೇಲಿನ ಊರಿಗೆ ಕುಡಿಯುವ ನೀರು ಎಲ್ಲಿಂದ? ಕೆಲವು ಮೈಲಿಗಳ ಆಚೆ, ಪಾಲಾರ್ ನದಿಗೆ ಅಡ್ಡಲಾಗಿ, ಬೇತಮಂಗಲದ ದೊಡ್ಡ ಕೆರೆಯಿದೆ. ಬೇತಮಂಗಲದ ಪ್ರಾಚೀನ ನಾಮ ವಿಜಯಾದಿತ್ಯಮಂಗಲ. ಒಡೆದುಹೋಗಿದ್ದ ಈ ಕೆರೆಯನ್ನು ಹತ್ತನೆಯ ಶತಮಾನದಲ್ಲಿ, ನೊಳಂಬರ ಆಳ್ವಿಕೆಯಲ್ಲಿ, ಮತ್ತೆ ಕಟ್ಟಿಸಿದ ಸಂಗತಿ ಶಾಸನಗಳಿಂದ ತಿಳಿಯುತ್ತದೆ. ರೈಲುದಾರಿ ಬಂಗಾರಪೇಟೆಯ ಮೇಲೆ ಹಾದುಹೋದುದರಿಂದ ಬೇತಮಂಗಲವು ತನ್ನ ಹಿಂದಿನ ಪ್ರಾಮುಖ್ಯವನ್ನು ಕಳೆದುಕೊಂಡಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದರ ಕೆರೆಯ ನೀರನ್ನು ಶೋಧಿಸಿ ಗಣಿಯ ಊರಿಗೆ ಏರಿಸುವ ಏರ್ಪಾಡಾಯಿತು. ಅತ್ಯಾಧುನಿಕ ಯಂತ್ರಗಳ ಊರು ತನ್ನ ಬಾಯಾರಿಕೆಗೆ ಸಾವಿರ ವರ್ಷದ ಕೆರೆಯನ್ನು ನೆಚ್ಚಬೇಕಾಯಿತು.

ಜನರು ಎಲ್ಲಿಂದ ಬಂದರು? ಅಧಿಕಾರಿಗಳು ಮತ್ತು ಎಂಜಿನಿಯರುಗಳು ಇಂಗ್ಲೆಂಡಿನಿಂದ. ಅವರಲ್ಲಿಯೂ ಆಳಗಣಿಯ ಕೆಲಸದಲ್ಲಿ ತಲೆತಲಾಂತರದ ಪರಿಣತಿಯಿದ್ದ ಕಾರ್ನ್‌ವಾಲ್ ಪ್ರಾಂತದವರು ಅನೇಕರು. ಬಂಡೆಯನ್ನು ಕೊರೆದು ಅದಿರನ್ನು ಹೊತ್ತವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ತಮಿಳು, ತೆಲುಗು ಮಾತಿನ ಬಡವರು. ಊರಿನಲ್ಲಿ ಬರವೂ ಜಮೀನ್ದಾರನ ಜೀತವೂ ಜಾತಿಯ ಕೀಳುನೋಟವೂ ಹಿಂದಟ್ಟುತ್ತಿದ್ದಾಗ, ನೆಲದಡಿಯ ಅಪಾಯವಾದರೂ ವಾರದ ಕೂಲಿಯನ್ನು ಕೈಗೆ ಕೊಡುತ್ತಿತ್ತು. ಸುತ್ತಲಿನ ಹಳ್ಳಿಗಳ ಕನ್ನಡಿಗರೂ ಅವರೊಡನೆ ಸೇರಿದರು. ಹೀಗೆ ಈ ಊರು ಮೊದಲ ದಿನದಿಂದಲೇ ಹಲವು ನುಡಿಗಳ ಊರು.

ಬಂಗಲೆಗಳ ಸಾಲು, ಹೂದೋಟ, ಕ್ಲಬ್ಬು, ಇಗರ್ಜಿಗಳನ್ನು ನೋಡಿ ಈ ಊರನ್ನು ಚಿಕ್ಕ ಇಂಗ್ಲೆಂಡ್ ಎಂದು ಕರೆದವರುಂಟು. ಆ ಹೆಸರು ಊರಿನ ಒಂದು ಪಾರ್ಶ್ವಕ್ಕೆ ಮಾತ್ರ ಒಪ್ಪುವಂಥದು. ಕೂಲಿಗಾರರು ಇದ್ದುದು 'ಲೈನು'ಗಳಲ್ಲಿ. ಬಿದಿರುತಟ್ಟಿಯ ಗೋಡೆ, ಮಣ್ಣಿನ ನೆಲ, ಒಂದೇ ಕೋಣೆಯ ಸಾಲುಗುಡಿಸಲುಗಳಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ವಸತಿ ಎಷ್ಟು ಅಪಾಯಕರವೆಂಬುದು ಸಂಸ್ಥಾನದ ಎಲ್ಲ ಊರುಗಳಿಗೂ ಮನದಟ್ಟಾಯಿತು. ಗಣಿಯ ಪ್ರದೇಶದ ನೈರ್ಮಲ್ಯಕ್ಕಾಗಿ ಸ್ಯಾನಿಟರಿ ಬೋರ್ಡು ಏರ್ಪಟ್ಟಿತು. ನೇರವಾದ ಬೀದಿಗಳೂ ಗಾಳಿಬೆಳಕಿನ ನಿವೇಶನಗಳೂ ಇರುವ ಹೊಸ ಬಡಾವಣೆಯೊಂದು ಸಿದ್ಧವಾಗಿ, ಆಗಿನ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿನಿಂದ ರಾಬರ್ಟ್‌ಸನ್‌ಪೇಟೆ ಎನ್ನಿಸಿಕೊಂಡಿತು. ಎಳೆಯ ಜಾಡಿನಲ್ಲಿ ಬೆಳೆದ ಊರಿನಲ್ಲಿ ಮನುಷ್ಯರ ಸೌಕರ್ಯವನ್ನು ಎಣಿಸಿ ನಕ್ಷೆ ಹಾಕಿದ ಭಾಗ ಇದು.

ಅದಿರು ಬಹು ಬೆಲೆಯುಳ್ಳದ್ದಾದುದರಿಂದ ಕೆಲಸಗಾರರ ಮೇಲೆ ಕಾವಲು ಅತಿ ಬಿಗಿಯಾಗಿತ್ತು. 1930ರಲ್ಲಿ ಪ್ರತಿಯೊಬ್ಬ ಕೂಲಿಗಾರನ ಬೆರಳಚ್ಚನ್ನು ದಾಖಲುಮಾಡುವ ಕ್ರಮ ಬಂದಾಗ, ತಮ್ಮನ್ನು ಕಳ್ಳರಂತೆ ಎಣಿಸುತ್ತಾರೆಂದು ಕೆಲಸಗಾರರು ಸಿಡಿದೆದ್ದರು. ಆಗ ಅವರಿಗೆ ಭದ್ರವಾದ ಸಂಘವಿರಲಿಲ್ಲ. ಆದರೂ ಸಾವಿರಾರು ಮಂದಿ ವಾರಗಟ್ಟಲೆ ಗಣಿಗೆ ಇಳಿಯಲಿಲ್ಲ. ಕೊನೆಗೆ ಆ ಕ್ರಮವನ್ನು ಕೈಬಿಡಬೇಕಾಯಿತು. ಕೆಲಸಕ್ಕೆ ಬಂದ ಗುಂಪುಗಳು ಒಂದು ಊರಿನ ಜನರಾದುದನ್ನು ಈ ಘಟನೆಯಲ್ಲಿ ಕಾಣಬಹುದು.

ಕಾವೇರಿಯ ಬಲ

ಈ ಊರಿನ ಇತಿಹಾಸದಲ್ಲಿ ಇಡೀ ಸಂಸ್ಥಾನಕ್ಕೆ ಸಂಬಂಧಿಸಿದ ಅಧ್ಯಾಯವೆಂದರೆ ವಿದ್ಯುಚ್ಛಕ್ತಿಯದು. ಗಣಿಯ ಆಳ ಹೆಚ್ಚಿದಷ್ಟೂ ಅದಿರನ್ನು ಮೇಲೆತ್ತುವುದಕ್ಕೂ ಗಾಳಿಯನ್ನು ಕೆಳಗೊತ್ತುವುದಕ್ಕೂ ಗಿರಣಿಗಳನ್ನು ನಡೆಸುವುದಕ್ಕೂ ಬೇಕಾದ ಬಲ ಹೆಚ್ಚುತ್ತ ಹೋಗುತ್ತದೆ. ಮೊದಲು ಉಗಿಯಂತ್ರಗಳೇ ಗತಿಯಾಗಿದ್ದವು. ಅವುಗಳ ಒಲೆಗೆ ಸುತ್ತಲಿನ ಕಾಡು ಸೌದೆಯಾಯಿತು. ದೂರದಿಂದ ತರಿಸಿದ ಕಲ್ಲಿದ್ದಲಿನ ಬೆಲೆ ದುಬಾರಿಯಾಯಿತು.

ಇತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮಾರು 400 ಅಡಿ ಕೆಳಕ್ಕೆ ಇಳಿಯುತ್ತಿದ್ದಳು. ಆ ಬಲವನ್ನು ಗಣಿಗೆ ತರಬಹುದೆಂಬ ಸಲಹೆಯನ್ನು ಮುಂದಿಟ್ಟವನು ಸಂಸ್ಥಾನದ ಎಂಜಿನಿಯರಾಗಿದ್ದ ಜೋಲಿ ಡಿ ಲಾಟ್‌ಬಿನಿಯರ್; ಅದನ್ನು ಕೈಗೂಡಿಸಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಆಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಬಾಲಕನಾದ ಮಹಾರಾಜರ ಪರವಾಗಿ ರಾಜ್ಯಭಾರ ನಡೆಸುತ್ತಿದ್ದರು. ತೊಡಕು ಇದ್ದುದು ದೂರದಲ್ಲಿ. ಜಲಪಾತದಿಂದ ಗಣಿಗೆ 92 ಮೈಲಿ. ಅಷ್ಟು ದೂರ ವಿದ್ಯುತ್ತನ್ನು ಒಯ್ದ ತಂತಿ ಆಗ ಪ್ರಪಂಚದಲ್ಲಿಯೇ ವಿರಳ.

ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ಒಂದಂಶ ಶಾಖವಾಗಿ ನಷ್ಟವಾಗುತ್ತದೆ. ಈ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಅದೇ ಶಕ್ತಿಯನ್ನು ಹತ್ತರಷ್ಟು ವೋಲ್ಟ್ ಒತ್ತಡದಲ್ಲಿ ಕಳುಹಿಸಿದರೆ ಪ್ರವಾಹ ಹತ್ತನೆಯ ಒಂದು ಭಾಗಕ್ಕೂ ನಷ್ಟ ನೂರನೆಯ ಒಂದು ಭಾಗಕ್ಕೂ ಇಳಿಯುತ್ತವೆ. ಆದುದರಿಂದ ಒತ್ತಡವನ್ನು ಸುಮಾರು 35,000 ವೋಲ್ಟಿಗೆ ಏರಿಸಿ ಕಳುಹಿಸುವುದೆಂದು ನಿಶ್ಚಯವಾಯಿತು. ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯ ಜಲಚಕ್ರಗಳು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುದ್ಯಂತ್ರಗಳು ಬಂದವು. 1902ರ ಜೂನ್ 30ರಂದು ಕಾವೇರಿಯ ಶಕ್ತಿ ಗಣಿಗೆ ಹರಿಯಿತು. ಶೇಷಾದ್ರಿ ಅಯ್ಯರ್ ಅವರು ಇದನ್ನು ನೋಡಲಿಲ್ಲ. 1901ರಲ್ಲಿಯೇ ಅವರು ತೀರಿಕೊಂಡಿದ್ದರು.

ಏಷ್ಯಾದಲ್ಲಿಯೇ ಮೊದಲು ವಿದ್ಯುದ್ದೀಪ ಕಂಡ ಊರು ಕೆ.ಜಿ.ಎಫ್. ಎಂದು ಹೇಳುವುದುಂಟು. ಇದು ಅತಿಶಯೋಕ್ತಿ. ಟೋಕಿಯೋ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿದ್ಯುತ್ತು ಇದ್ದಿತು. ನಮ್ಮ ದೇಶದಲ್ಲಿಯೂ 1897ರಲ್ಲಿ ಡಾರ್ಜಿಲಿಂಗಿಗೆ, 1899ರಲ್ಲಿ ಕಲ್ಕತ್ತೆಗೆ ಅದು ಬಂದಿದ್ದಿತು. ಕೆ.ಜಿ.ಎಫ್.ಗೆ ಸಲ್ಲಬೇಕಾದ ಕೀರ್ತಿ ಬೇರೊಂದಿದೆ. ತೆಗೆದ ಚಿನ್ನದ ಮೇಲೆ ನೂರಕ್ಕೆ ಐದರಂತೆ ರಾಜಧನ ಸಂಸ್ಥಾನದ ಬೊಕ್ಕಸಕ್ಕೆ ಬರುತ್ತಿತ್ತು. ಹುಟ್ಟಿದ ವಿದ್ಯುತ್ತನ್ನು ಹಗಲೂ ರಾತ್ರಿಯೂ ಕೊಳ್ಳುವ ಖಚಿತವಾದ ಗಿರಾಕಿಯೂ ಗಣಿಯೇ ಆಗಿದ್ದಿತು. ಇಂಥ ಗಿರಾಕಿಯಿಲ್ಲದಿದ್ದರೆ ಅಷ್ಟು ದೊಡ್ಡ ಯೋಜನೆಗೆ ಅಂದು ಯಾರೂ ಧೈರ್ಯಮಾಡುತ್ತಿರಲಿಲ್ಲ. ಗಣಿಗೆಂದು ಹುಟ್ಟಿದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. 1908ರಲ್ಲಿ ಮೈಸೂರಿಗೂ ಬೆಳಕು ಬಂದಿತು. ಮುಂದೆ ರಾಜಧಾನಿಯಲ್ಲಿ ಕಾರ್ಖಾನೆಗಳೂ ವಿಜ್ಞಾನ ಸಂಸ್ಥೆಗಳೂ ಬೆಳೆದುದಕ್ಕೆ ಈ ವಿದ್ಯುತ್ತು ಒಂದು ಮುಖ್ಯ ಆಧಾರ. ಮೂರು ನಾಲ್ಕು ಅಡಿ ದಪ್ಪದ ಬೆಣಚುಕಲ್ಲು ಒಂದು ರಾಜಧಾನಿಯ ರಾತ್ರಿಯನ್ನೇ ಬದಲಾಯಿಸಿತು.

ಆಳದ ಲೆಕ್ಕ

ಎಳೆಯನ್ನು ಹಿಂಬಾಲಿಸುತ್ತ ಮನುಷ್ಯರು ಕೆಳಗಿಳಿದರು. ಕೊನೆಗೆ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕ ಆಳವನ್ನು ಮುಟ್ಟಿ, ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದೆನ್ನಿಸಿತು. ಆ ಆಳದಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿಗೂ ಹೆಚ್ಚು. ತಣ್ಣಗೆ ಮಾಡಿದ ಗಾಳಿಯನ್ನು ಕೆಳಕ್ಕೆ ಒತ್ತದಿದ್ದರೆ ಅಲ್ಲಿ ಕೆಲಸಮಾಡುವುದು ಅಸಾಧ್ಯ.

ಕಾವಿಗಿಂತಲೂ ಭಯಂಕರವಾದುದು ಶಿಲಾಸ್ಫೋಟ. ಮೇಲಿರುವ ಬಂಡೆಯ ಭಾರವೆಲ್ಲ ಆಳದ ಶಿಲೆಯನ್ನು ಎಲ್ಲ ಕಡೆಯಿಂದಲೂ ಅದುಮಿರುತ್ತದೆ. ಅದಿರನ್ನು ತೆಗೆದು ಪೊಳ್ಳುಮಾಡಿದಾಗ ಆ ಒತ್ತಡ ಸುತ್ತಲಿನ ಗೋಡೆಗಳ ಮೇಲೆ ಬೀಳುತ್ತದೆ. ತಡೆಯುವ ಶಕ್ತಿ ಮೀರಿದ ಕ್ಷಣದಲ್ಲಿ ಬಂಡೆಯು ಸಿಡಿಮದ್ದಿನಂತೆ ಸಿಡಿಯುತ್ತದೆ. ಮರದ ಆಸರೆಗಳು ಸಾಲದೆ, ಗ್ರಾನೈಟ್ ಕಲ್ಲಿನಿಂದಲೇ ಗೋಡೆಗಳನ್ನು ಕಟ್ಟಿ ಪೊಳ್ಳುಗಳನ್ನು ತುಂಬುತ್ತಿದ್ದರು. ಆದರೂ ಸಿಡಿತಗಳು ನಿಲ್ಲಲಿಲ್ಲ; ಕೆಳಗೆ ಅನೇಕರ ಪ್ರಾಣ ತೆಗೆದವು; ಮೇಲೆ ಮನೆಗಳ ಪಾತ್ರೆಗಳು ನಡುಗಿ, ಗೋಡೆಗಳು ಬಿರುಕು ಬಿಟ್ಟವು. ನೆಲ ಅದುರಿದೊಡನೆ ಗಣಿಬಾವಿಯ ಕಡೆಗೆ ಓಡುವುದು ಲೈನುಗಳ ಹೆಂಗಸರಿಗೆ ಅಭ್ಯಾಸವಾಗಿಹೋಗಿತ್ತು.

ಗಣಿಗಳು 1956ರಲ್ಲಿ ಮೈಸೂರು ರಾಜ್ಯ ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆ ಏರ್ಪಟ್ಟಿತು. ಆ ವೇಳೆಗೆ ಅದಿರು ಬಡವಾಗುತ್ತ ಬಂದಿತ್ತು. ಕೊನೆಯ ವರ್ಷಗಳಲ್ಲಿ ಟನ್ನಿಗೆ ಮೂರು ಗ್ರಾಂ, ಎಂದರೆ ಕಾಲು ತೊಲ, ಸಿಕ್ಕರೆ ಹೆಚ್ಚು. ಆಳಕ್ಕೆ ಇಳಿದಷ್ಟೂ ವೆಚ್ಚ ಏರಿತು, ಇಳುವರಿ ಇಳಿಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸಾವಿರಾರು ಕುಟುಂಬಗಳ ದುಡಿಮೆ ಒಂದೇ ದಿನದಲ್ಲಿ ನಿಂತಿತು.

ಇಷ್ಟಾದರೂ ಗಣಿಯ ಆಳವು ಚಿನ್ನವನ್ನಷ್ಟೇ ಕೊಟ್ಟಿತೆಂದು ತಿಳಿಯಬಾರದು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳನ್ನು ಎರಡು ಮೂರು ಕಿಲೋಮೀಟರು ದಪ್ಪದ ಬಂಡೆ ಬಹುಮಟ್ಟಿಗೆ ತಡೆದುಬಿಡುತ್ತದೆ. ನ್ಯೂಟ್ರಿನೋ ಎಂಬ ಕಣಕ್ಕೆ ಮಾತ್ರ ಆ ತಡೆಯಿಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳವರೊಡನೆ ಕೂಡಿ, ಸುಮಾರು 2.3 ಕಿಲೋಮೀಟರು ಆಳದಲ್ಲಿ ತಮ್ಮ ಉಪಕರಣಗಳನ್ನಿಟ್ಟು, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಪತ್ತೆಮಾಡಿದರು. ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿಯೂ ಅದೇ ವರ್ಷ ಇಂಥದೇ ಶೋಧನೆ ನಡೆಯಿತು. ಪ್ರಪಂಚದಲ್ಲಿ ಇವೆರಡೇ ಮೊದಲನೆಯವು. ಶಿಲಾಸ್ಫೋಟಗಳನ್ನು ಅರಿಯಲು ಇಲ್ಲಿ ನಡೆದ ಅಳತೆಗಳಿಂದ ಬೆಳೆದ ಶಿಲಾಯಂತ್ರವಿಜ್ಞಾನವು ಇಂದು ಸುರಂಗ, ಅಣೆಕಟ್ಟುಗಳ ಕೆಲಸಕ್ಕೆ ನೆರವಾಗುತ್ತಿದೆ.

ನದಿಯನ್ನು ನೆಚ್ಚಿದ ಊರಿಗೆ ಮಳೆಗಾಲ ಮತ್ತೆ ಮತ್ತೆ ಬರುತ್ತದೆ. ಹೊಲವನ್ನು ನೆಚ್ಚಿದ ಊರು ಮರುವರ್ಷ ಮತ್ತೆ ಬಿತ್ತಬಹುದು. ಗಣಿಯಲ್ಲಿ ಬೆಳೆ ಒಂದೇ ಸಲ. 270 ಕೋಟಿ ವರ್ಷಗಳಿಗೆ ಹಿಂದೆ ಬಿತ್ತಿದುದನ್ನು ಒಂದು ಶತಮಾನದಲ್ಲಿ ಕೊಯ್ದದ್ದಾಯಿತು. ಕೊಯ್ಲು ಮುಗಿದ ಮೇಲೆ ಒಕ್ಕಲು ಏನು ಮಾಡಬೇಕೆಂಬ ವಿಚಾರವನ್ನು, ಹೊಲ ಇನ್ನೂ ತುಂಬಿರುವಾಗಲೇ ಮಾಡಬೇಕಾಗುತ್ತದೆ. ಗಣಿಯನ್ನು ತೆರೆಯುವ ದಿನವೇ ಮುಚ್ಚುವ ದಿನದ ಲೆಕ್ಕವನ್ನೂ ಹಾಕಿಡಬೇಕಾಗುತ್ತದೆ. ಕೆ.ಜಿ.ಎಫ್.ನಲ್ಲಿ ಆ ಲೆಕ್ಕ ಬಹಳ ತಡವಾಗಿ ನಡೆಯಿತು. ಇಂದು ಮುಂಜಾನೆಯ ಕತ್ತಲಲ್ಲಿಯೇ ಮಾರಿಕುಪ್ಪದಿಂದ ಹೊರಡುವ ರೈಲುಗಳು ಉರಿಗಾಂ, ಚಾಂಪಿಯನ್ ನಿಲ್ದಾಣಗಳಲ್ಲಿ ಗಣಿಗಾರರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಹತ್ತಿಸಿಕೊಂಡು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೆಲಸಕ್ಕೆ ಒಯ್ಯುತ್ತವೆ. ರಾತ್ರಿ ಮತ್ತೆ ತಂದು ಇಳಿಸುತ್ತವೆ. ಒಂದು ಕಾಲಕ್ಕೆ ರಾಜಧಾನಿಗೆ ಬೆಳಕು ಬರಲು ಕಾರಣವಾದ ಊರು ಈಗ ತನ್ನ ಜೀವನಕ್ಕೆ ಆ ರಾಜಧಾನಿಯನ್ನು ಆಶ್ರಯಿಸಿದೆ. ಎಳೆ ಮುಗಿದಿದ್ದರೂ ಊರು ಉಳಿದಿದೆ. ಅದನ್ನು ಹಿಡಿದು ನಿಲ್ಲಿಸಿರುವವರು ಅಲ್ಲಿಯ ಜನರು.